ಕರಾವಳಿಯ ಮನೆಯಲ್ಲಿ ಚಿತ್ರ ಬರೆಯುವ ಕೋಣೆ: ಕಾಗದ, ಬಣ್ಣ, ಕುಂಚಗಳನ್ನು ಮಳೆಗಾಲ ದಾಟಿಸುವ ಸಮಗ್ರ ಮಾರ್ಗದರ್ಶಿ

ಕುಮಟಾದ ನಮ್ಮ ಮನೆಯ ಗೋಡೆ ಚಿರೆಕಲ್ಲಿನದು, ಮಾಡು ಮಂಗಳೂರು ಹಂಚಿನದು. ಜಗಲಿಗೆ ತಾಗಿಕೊಂಡಿರುವ 10 ಅಡಿ ಅಗಲ, 12 ಅಡಿ ಉದ್ದದ ಕೋಣೆಯನ್ನು ಚಿತ್ರ ಬರೆಯಲೆಂದು ನಾನು ತೆಗೆದುಕೊಂಡ ಮೊದಲ ವರ್ಷ, ಹುಬ್ಬಳ್ಳಿಯಿಂದ ತರಿಸಿದ 20 ಹಾಳೆ ಹತ್ತಿಯ ಜಲವರ್ಣ ಕಾಗದವನ್ನು ಬಹಳ ಜತನದಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಂಟುಪಟ್ಟಿ ಹಚ್ಚಿ, ಉಕ್ಕಿನ ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದೆ. ಶ್ರಾವಣದಲ್ಲಿ ತೆಗೆದು ನೋಡಿದಾಗ ಹಾಳೆಗಳು ಮೇಲ್ನೋಟಕ್ಕೆ ಚೆನ್ನಾಗಿಯೇ ಇದ್ದವು. ಆಕಾಶಕ್ಕೆಂದು ತೆಳುವಾಗಿ ನೀಲಿ ಬಳಿದ ಕೂಡಲೇ ಮಾತ್ರ ಅಲ್ಲಲ್ಲಿ ಬಣ್ಣವನ್ನು ಕಾಗದ ಗಟಗಟನೆ ಹೀರಿಕೊಂಡು ಕಪ್ಪು ಮಚ್ಚೆಗಳೆದ್ದವು. ಕಾಗದದ ಮೇಲಿದ್ದ ಸರೇಸಿನ, ಅಂದರೆ ಪ್ರಾಣಿಜನ್ಯ ಅಂಟಿನ, ಲೇಪವನ್ನು ಬೂಷ್ಟು ಒಳಗೊಳಗೇ ತಿಂದು ಮುಗಿಸಿತ್ತು. ಇಪ್ಪತ್ತೂ ಹಾಳೆಗಳು ಹೋದವು.

ಆ ಹಾಳೆಗಳನ್ನು ನಾನು ಚೀಲಕ್ಕೆ ಹಾಕಿದ್ದು ಜೂನ್ ತಿಂಗಳ ಎರಡನೆಯ ವಾರದಲ್ಲಿ, ಮಳೆ ಹಿಡಿದ ಮೇಲೆ. ಕಾಗದ ಆಗಲೇ ಗಾಳಿಯ ತೇವವನ್ನು ಕುಡಿದಿತ್ತು, ಮತ್ತು ನಾನು ಆ ತೇವವನ್ನೇ ಒಳಗಿಟ್ಟು ಮುಚ್ಚಿದ್ದೆ. ಇದನ್ನು ನನಗೆ ತಿಳಿಸಿಕೊಟ್ಟವರು ಆಯಿ. ಹಲಸಿನ ಹಪ್ಪಳವನ್ನು ಅವರು ಬೇಸಿಗೆಯ ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಮಳೆ ಹನಿಯುವ ಎಷ್ಟೋ ದಿನ ಮೊದಲೇ ದೊಡ್ಡ ಡಬ್ಬಿಗೆ ತುಂಬಿಡುತ್ತಾರೆ. ಮಳೆಗಾಲದಲ್ಲಿ ಆ ದೊಡ್ಡ ಡಬ್ಬಿಯನ್ನು ದಿನವೂ ತೆರೆಯುವುದಿಲ್ಲ. ವಾರಕ್ಕೆ ಬೇಕಾದಷ್ಟನ್ನು ಸಣ್ಣ ಡಬ್ಬಿಗೆ ತೆಗೆದುಕೊಂಡು ಕೂಡಲೇ ಮುಚ್ಚುತ್ತಾರೆ. ಚಿತ್ರಕಲೆಯ ಸಾಮಗ್ರಿಯ ವಿಷಯದಲ್ಲಿ ನಾನು ಈಗ ಪಾಲಿಸುತ್ತಿರುವ ಕ್ರಮವೆಲ್ಲವೂ ಈ ಎರಡು ಡಬ್ಬಿಗಳ ಲೆಕ್ಕದಿಂದಲೇ ಹುಟ್ಟಿದ್ದು.

ಕೋಣೆಯನ್ನು ಜೋಡಿಸುವ ಬಗ್ಗೆ ಬೇರೆ ಊರಿನವರು ಹೇಳುವ ಸಲಹೆಗಳಲ್ಲಿ ತೆರೆದ ಅರೆಗಳು, ಗೋಡೆಗೆ ತೂಗುಹಾಕಿದ ಕುಂಚಗಳು, ಮೇಜಿನ ಮೇಲೆ ಸಾಲಾಗಿ ನಿಂತ ಬಣ್ಣದ ಶೀಶೆಗಳು ಕಾಣುತ್ತವೆ. ಅವು ಒಣಹವೆಯ ಊರುಗಳಿಗೆ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ, ಉಳಿದ ಕಾಲದಲ್ಲೂ ಕಡಲಿನ ಉಪ್ಪುಗಾಳಿ ಬೀಸುವ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಗಳಲ್ಲಿ ಸಾಮಗ್ರಿಯನ್ನು ಚೆಂದಕ್ಕೆ ತಕ್ಕಂತೆ ಜೋಡಿಸಿದರೆ ಅದು ವರ್ಷ ದಾಟುವುದಿಲ್ಲ. ಇಲ್ಲಿ ಪ್ರತಿಯೊಂದು ವಸ್ತುವಿನ ಜಾಗವನ್ನೂ ತೇವದ ಜೊತೆ ಅದಕ್ಕಿರುವ ಸಂಬಂಧ ನೋಡಿ ನಿರ್ಧರಿಸಬೇಕು.

ಮೊದಲು ವಿಂಗಡಣೆ

ಕೋಣೆಯಲ್ಲಿರುವ ಎಲ್ಲವನ್ನೂ ಒಂದು ಬಿಸಿಲಿನ ದಿನ ಜಗಲಿಗೆ ತಂದು ಚಾಪೆಯ ಮೇಲೆ ಹರವಿ, ಮೂರು ರಾಶಿ ಮಾಡಿರಿ. ಮೊದಲನೆಯದು ತೇವಕ್ಕೆ ಅಂಜುವ ವಸ್ತುಗಳ ರಾಶಿ: ಕಾಗದ, ರಟ್ಟು, ಒಣ ಪಾಸ್ಟೆಲ್, ಇದ್ದಿಲು, ಬಣ್ಣದ ಪುಡಿ, ಜಲವರ್ಣದ ಬಿಲ್ಲೆಗಳು, ಪ್ರಾಣಿಯ ಕೂದಲಿನ ಕುಂಚಗಳು, ಕ್ಯಾನ್ವಾಸು, ಬರೆದು ಮುಗಿಸಿದ ಚಿತ್ರಗಳು. ಎರಡನೆಯದು ತೇವವನ್ನು ಅಷ್ಟಾಗಿ ಲೆಕ್ಕಿಸದ ವಸ್ತುಗಳದು: ಮುಚ್ಚಳವಿರುವ ಅಕ್ರಿಲಿಕ್ ಶೀಶೆಗಳು, ತೈಲವರ್ಣದ ಟ್ಯೂಬುಗಳು, ಪ್ಲಾಸ್ಟಿಕ್ ಮತ್ತು ಪಿಂಗಾಣಿಯ ಬಟ್ಟಲುಗಳು, ಸಿಂಥೆಟಿಕ್ ಕುಂಚಗಳು. ಮೂರನೆಯ ರಾಶಿಯನ್ನು ಬಹಳ ಜನ ಮರೆಯುತ್ತಾರೆ. ಅದು ತೇವವನ್ನು ಹುಟ್ಟಿಸುವ ವಸ್ತುಗಳ ರಾಶಿ: ನೀರಿನ ಡಬ್ಬಿ, ಒದ್ದೆ ಬಟ್ಟೆ, ಆಗ ತಾನೇ ತೊಳೆದ ಕುಂಚ, ಇನ್ನೂ ಒಣಗದ ಚಿತ್ರ, ಒದ್ದೆ ಸ್ಪಂಜು.

ಮೊದಲನೆಯ ಮತ್ತು ಮೂರನೆಯ ರಾಶಿಗಳು ಒಂದೇ ಕಪಾಟಿನಲ್ಲಿ, ಒಂದೇ ಪೆಟ್ಟಿಗೆಯಲ್ಲಿ ಎಂದೂ ಇರಕೂಡದು. ಜಲವರ್ಣ ಬರೆಯುವವರು ಬಣ್ಣ, ಕುಂಚ, ಕಾಗದದ ಪುಸ್ತಕ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವುದು ರೂಢಿ. ನಮ್ಮ ಮಳೆಗಾಲದಲ್ಲಿ ಒಂದೇ ಒಂದು ಒದ್ದೆ ಕುಂಚ ಆ ಚೀಲವನ್ನೆಲ್ಲ ಕೆಡಿಸಲು ಸಾಕು.

ವಿಂಗಡಿಸುವಾಗಲೇ ಕೆಟ್ಟದ್ದನ್ನು ಬೇರೆ ಮಾಡಬೇಕು. ಬೂಷ್ಟು ಹಿಡಿದ ಕಾಗದವನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು, ಒರೆಸಿದರೆ ಬೂಷ್ಟು ನಾರಿನೊಳಗೆ ಇಳಿಯುತ್ತದೆ. ಬಾಯಿ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಹೊರಗೆ ಅಂಗಳದಲ್ಲಿ ಕಾಗದವನ್ನು ನೆರಳಿನಲ್ಲಿ ಪೂರ್ತಿ ಒಣಗಿಸಿ, ಮೆತ್ತಗಿನ ಕುಂಚದಿಂದ ಪುಡಿಯನ್ನು ತೆಗೆಯಬೇಕು. ಆ ಹಾಳೆಯ ಮೂಲೆಯಲ್ಲಿ ಒಂದು ತೆಳು ಬಣ್ಣದ ಗೆರೆ ಎಳೆದು ನೋಡಿ, ಮಚ್ಚೆ ಬಿದ್ದರೆ ಅದನ್ನು ಇದ್ದಿಲಿನ ಅಭ್ಯಾಸಕ್ಕೆ ಇಟ್ಟುಕೊಳ್ಳಬಹುದು. ಒಳ್ಳೆಯ ಹಾಳೆಗಳ ಜೊತೆ ಮಾತ್ರ ಮತ್ತೆ ಸೇರಿಸಬೇಡಿ.

ಗೋಡೆ, ನೆಲ, ಮಾಡು

ನೈಋತ್ಯ ಮಾರುತ ನಮ್ಮಲ್ಲಿ ಕಡಲಿನ ಕಡೆಯಿಂದ ಎರಚಲು ಹೊಡೆಯುವುದರಿಂದ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳು ಮೊದಲು ನೆನೆಯುತ್ತವೆ, ಚಿರೆಕಲ್ಲು ಆ ನೀರನ್ನು ಒಳಮೈಗೂ ತರುತ್ತದೆ. ಆದ್ದರಿಂದ ಕಪಾಟು, ಅರೆ, ಕಾಗದದ ಪೆಟ್ಟಿಗೆಗಳನ್ನು ಪೂರ್ವದ ಗೋಡೆಗೆ ಅಥವಾ ಮನೆಯ ಒಳಗಿನ ನಡುಗೋಡೆಗೆ ಹತ್ತಿರ ಇಡಬೇಕು. ಅಲ್ಲಿಯೂ ಗೋಡೆಗೂ ಕಪಾಟಿಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗ ಬಿಡುವುದು ಒಳ್ಳೆಯದು. ಗಾಳಿ ಆಡುತ್ತದೆ, ಗೆದ್ದಲು ಮಣ್ಣಿನ ದಾರಿ ಕಟ್ಟಿಕೊಂಡು ಬಂದರೆ ಕಣ್ಣಿಗೆ ಬೀಳುತ್ತದೆ.

ಮಳೆಗಾಲದ ಬೆಚ್ಚನೆಯ ದಿನಗಳಲ್ಲಿ ಕಾವಿ ಬಳಿದ ನೆಲವೂ ಟೈಲ್ಸ್ ನೆಲವೂ ಬೆವರುತ್ತವೆ. ಯಾವ ಪೆಟ್ಟಿಗೆಯನ್ನೂ ನೇರವಾಗಿ ನೆಲದ ಮೇಲೆ ಇಡಬೇಡಿ. ಕಲ್ಲಿನ ತುಂಡುಗಳ ಮೇಲೆ ಹಲಗೆ ಹಾಸಿ, ಅದರ ಮೇಲೆ ಅರ್ಧ ಅಡಿಯಾದರೂ ಎತ್ತರದಲ್ಲಿ ಇಡಿ. ತೀರ ಮೇಲೆ, ಹಂಚಿನ ಬುಡದಲ್ಲೂ ಇಡಬಾರದು. ಅಲ್ಲಿ ಬೇಸಿಗೆಯ ಕಾವು ಬಹಳ, ಮಳೆಯಲ್ಲಿ ಒಂದು ಹಂಚು ಜರುಗಿದರೂ ಸೋರುವ ನೀರಿಗೆ ಮೊದಲು ಸಿಗುವುದು ಆ ಜಾಗವೇ. ಮಂಡಿಯ ಎತ್ತರದಿಂದ ಎದೆಯ ಎತ್ತರದವರೆಗಿನ ಜಾಗ ಬೆಲೆಬಾಳುವ ಜಾಗ, ಅದನ್ನು ಕಾಗದಕ್ಕೂ ಮುಗಿಸಿದ ಚಿತ್ರಗಳಿಗೂ ಬಿಟ್ಟುಕೊಡಿ.

ಕಪಾಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಅಗ್ಗದ ಪಾರ್ಟಿಕಲ್ ಬೋರ್ಡಿನ ಕಪಾಟನ್ನು ಕರಾವಳಿಗೆ ತರಲೇಬಾರದು, ಎರಡನೆಯ ಮಳೆಗಾಲಕ್ಕೆ ಅದರ ಅಂಚು ಉಬ್ಬಿ ತಿರುಪುಮೊಳೆ ಕಿತ್ತು ಬರುತ್ತದೆ. ಉಕ್ಕಿನ ಕಪಾಟಿಗೆ ಉಪ್ಪುಗಾಳಿಯಿಂದ ತುಕ್ಕು ಹಿಡಿಯುತ್ತದೆ, ರಾತ್ರಿ ತಣಿದಾಗ ಒಳಮೈಯಲ್ಲಿ ನೀರು ಕೂಡುತ್ತದೆ. ಹೊಸದಾಗಿ ಮಾಡಿಸುವುದಾದರೆ ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿರುವ, ನೀರು ತಡೆಯುವ ಮರೈನ್ ಪ್ಲೈವುಡ್ ಹಾಕಿಸಿ, ಕತ್ತರಿಸಿದ ಅಂಚುಗಳಿಗೆಲ್ಲ ವಾರ್ನಿಶ್ ಹೊಡೆಸಿರಿ. ಹಿರಿಯರ ಕಾಲದ ಹಲಸಿನ ಅಥವಾ ಸಾಗುವಾನಿಯ ಪೆಟ್ಟಿಗೆ ಮನೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಬೇಕಿಲ್ಲ.

ಶಿರಸಿಯಲ್ಲಿರುವ ಅಕ್ಕನ ಮನೆಯಲ್ಲಿ ಲೆಕ್ಕ ಸ್ವಲ್ಪ ಬೇರೆ. ಘಟ್ಟದ ಮೇಲೆ ಉಪ್ಪುಗಾಳಿಯಿಲ್ಲದ ಕಾರಣ ಉಕ್ಕಿನ ಕಪಾಟು ಹೆಚ್ಚು ಕಾಲ ಬಾಳುತ್ತದೆ, ಆದರೆ ಮಳೆ ಬಿಟ್ಟ ಮೇಲೂ ಮಂಜು ಮತ್ತು ಥಂಡಿ ತಿಂಗಳುಗಟ್ಟಲೆ ಉಳಿಯುತ್ತವೆ. ಅಲ್ಲಿನ ಹಳೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ವರ್ಷವಿಡೀ ಒಣಗಿರುವುದನ್ನು ನೋಡಿ ಕಾಗದವನ್ನು ಅಲ್ಲಿಡಲು ಮನಸ್ಸಾಗುತ್ತದೆ. ಇಡಬಾರದು. ಹೊಗೆಯಲ್ಲಿರುವ ಮಸಿ ಮತ್ತು ಜಿಡ್ಡು ಕಾಗದವನ್ನು ಹಳದಿ ಮಾಡುತ್ತವೆ. ಚೌಕಟ್ಟಿಗೆಂದು ತಂದ ಮರದ ಪಟ್ಟಿಗಳನ್ನು ಅಟ್ಟಕ್ಕೆ ಏರಿಸುವುದು ಮಾತ್ರ ಸರಿ, ಅವು ಚೆನ್ನಾಗಿ ಹದವಾಗುತ್ತವೆ.

ದೊಡ್ಡ ಡಬ್ಬಿ, ಸಣ್ಣ ಡಬ್ಬಿ

ಕೋಣೆಯನ್ನೇ ಒಣಗಿಸುತ್ತೇನೆ ಎಂದು ಗಾಳಿಯ ತೇವ ಹೀರುವ ಯಂತ್ರವನ್ನು ಕೊಳ್ಳುವ ಮುನ್ನ ಮಾಡಿನ ಕಡೆ ಒಮ್ಮೆ ನೋಡಿರಿ. ಹಂಚಿನ ಸಂದುಗಳಿಂದ ಹೊರಗಿನ ಗಾಳಿ ಸದಾ ಒಳಗೆ ಬರುತ್ತಿರುವಾಗ ಆ ಯಂತ್ರ ಅಂಗಳವನ್ನೇ ಒಣಗಿಸಲು ಹೊರಟಂತಾಗುತ್ತದೆ. ಸ್ಲ್ಯಾಬಿನ ಮನೆ, ಬಿಗಿಯಾದ ಕಿಟಕಿ, ದಿನವೆಲ್ಲ ವಿದ್ಯುತ್ತು ಇದ್ದರೆ ಅದು ಉಪಯೋಗಕ್ಕೆ ಬರುತ್ತದೆ. ಉಳಿದವರು ಕೋಣೆಯನ್ನು ಬಿಟ್ಟು ಪೆಟ್ಟಿಗೆಯನ್ನು ಒಣಗಿಸಬೇಕು.

ಮುಚ್ಚಳಕ್ಕೆ ರಬ್ಬರಿನ ಪಟ್ಟಿ ಇರುವ, ನಾಲ್ಕೂ ಕಡೆ ಕೊಂಡಿ ಬೀಳುವ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಆರಿಸಿಕೊಳ್ಳಿ. ಬಿಗಿಯನ್ನು ಪರೀಕ್ಷಿಸಲು ಒಳಗೆ ಒಣ ಕಾಗದ ಹಾಸಿ, ಮುಚ್ಚಿ, ಮುಚ್ಚಳದ ಸುತ್ತ ನೀರು ಸುರಿದು, ಹತ್ತು ನಿಮಿಷದ ನಂತರ ತೆರೆದು ನೋಡಬಹುದು. ಇಂಥ ಪೆಟ್ಟಿಗೆಗಳಲ್ಲಿ ಎರಡು ಬಗೆ ಇರಲಿ. ದೊಡ್ಡದರಲ್ಲಿ ವರ್ಷದ ದಾಸ್ತಾನು, ಸಣ್ಣದರಲ್ಲಿ ವಾರದ ಬಳಕೆಗೆ ಬೇಕಾದದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡದನ್ನು ವಾರಕ್ಕೊಮ್ಮೆ ಮಾತ್ರ, ಮಳೆ ಬಿಡುವು ಕೊಟ್ಟ ಮಧ್ಯಾಹ್ನದಲ್ಲಿ ತೆರೆಯಬೇಕು.

ತುಂಬುವ ಕಾಲ ಎಲ್ಲಕ್ಕಿಂತ ಮುಖ್ಯ. ಬೇಸಿಗೆಯೆಂದರೆ ಒಣಗಾಲ ಎಂದು ನಾವು ತಿಳಿದಿರುತ್ತೇವೆ, ಆದರೆ ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳ ಗಾಳಿಯಲ್ಲಿ ಕಡಲ ತೇವ ತುಂಬಿರುತ್ತದೆ, ಮೈ ಬೆವರು ಆರದಿರುವುದು ಅದಕ್ಕೇ. ನಮ್ಮ ಗಾಳಿ ನಿಜವಾಗಿ ಒಣಗಿರುವುದು ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ, ಬೆಳಗಿನ ಹೊತ್ತು ಘಟ್ಟದ ಕಡೆಯಿಂದ ಮೂಡಣ ಗಾಳಿ ಬೀಸುವಾಗ. ಗೋಕರ್ಣದ ಶಿವರಾತ್ರಿಯ ತೇರನ್ನು ನಾನು ಗಡುವಾಗಿ ಇಟ್ಟುಕೊಂಡಿದ್ದೇನೆ. ಅದರೊಳಗೆ ಕಾಗದಗಳನ್ನು ಎರಡು ದಿನ ನೆರಳಿನಲ್ಲಿ ಗಾಳಿಗೆ ಹರವಿ, ಪೆಟ್ಟಿಗೆಯನ್ನೂ ತೆರೆದಿಟ್ಟು ಒಣಗಿಸಿ, ಹನ್ನೊಂದು ಗಂಟೆಯ ಸುಮಾರಿಗೆ ತುಂಬಿ ಮುಚ್ಚುತ್ತೇನೆ.

ಒಳಗೆ ಸಿಲಿಕಾ ಜೆಲ್ ಹರಳುಗಳಿರಬೇಕು. 30 ಲೀಟರಿನ ಪೆಟ್ಟಿಗೆಗೆ ನಾನು 250 ಗ್ರಾಂ ಹರಳನ್ನು ತೆಳು ಹತ್ತಿಬಟ್ಟೆಯ ಎರಡು ಚೀಲಗಳಲ್ಲಿ ಕಟ್ಟಿ, ಒಂದನ್ನು ತಳದಲ್ಲಿ, ಒಂದನ್ನು ಮೇಲೆ ಇಡುತ್ತೇನೆ. ನೀಲಿ ಹರಳುಗಳಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ಆರೋಗ್ಯಕ್ಕೆ ಒಳ್ಳೆಯದಲ್ಲ. ಕಿತ್ತಳೆ ಬಣ್ಣದವನ್ನೇ ಕೇಳಿ ತನ್ನಿ. ತೇವ ಕುಡಿದ ಮೇಲೆ ಅವು ಹಸಿರಾಗುತ್ತವೆ ಅಥವಾ ಬಣ್ಣ ಕಳೆದುಕೊಳ್ಳುತ್ತವೆ. ಆಗ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ನಿಧಾನವಾಗಿ ಕೈಯಾಡಿಸುತ್ತ ಹುರಿದರೆ ಮತ್ತೆ ಬಳಕೆಗೆ ಬರುತ್ತವೆ. ಉರಿ ಜೋರಾದರೆ ಹರಳು ಸಿಡಿದು ಹಾಳಾಗುತ್ತದೆ, 120 ಡಿಗ್ರಿ ಸೆಲ್ಸಿಯಸ್ ಸಾಕು. ಅಂಗಡಿಯಲ್ಲಿ ತೂಗುಹಾಕುವ ಚೀಲಗಳಲ್ಲಿ ಸಿಗುವ ಕ್ಯಾಲ್ಸಿಯಂ ಕ್ಲೋರೈಡ್ ಇನ್ನೂ ಬೇಗ ತೇವ ಹೀರುತ್ತದೆ, ಆದರೆ ಹೀರಿದ್ದು ಉಪ್ಪುನೀರಾಗಿ ಚೀಲದಲ್ಲೇ ತುಂಬಿಕೊಳ್ಳುತ್ತದೆ. ಆ ಚೀಲ ಒಡೆದರೆ ಕಾಗದಕ್ಕೆ ಉಳಿಗಾಲವಿಲ್ಲ. ಅದು ಬಟ್ಟೆಯ ಕಪಾಟಿಗಿರಲಿ.

ಗಾಳಿಯ ತೇವ ತೋರಿಸುವ ಪುಟ್ಟ ಡಿಜಿಟಲ್ ಮಾಪಕವನ್ನು ಪೆಟ್ಟಿಗೆಯೊಳಗೆ ಹಾಕಿಡಿ. ಸಾಪೇಕ್ಷ ಆರ್ದ್ರತೆ ಶೇ 65ನ್ನು ದಾಟಿ ನಿಂತರೆ ಬೂಷ್ಟು ಬೆಳೆಯಲು ಅನುಕೂಲವಾಗುತ್ತದೆ. ಪೆಟ್ಟಿಗೆಯೊಳಗೆ 50ರ ಸುಮಾರಿಗೆ ಇದ್ದರೆ ನೆಮ್ಮದಿ. 60 ತೋರಿಸಿದ ದಿನ ಹರಳು ಬದಲಿಸಿ.

ಹಳೆಯ ಮನೆಗಳಲ್ಲಿ ಕಪಾಟಿನೊಳಗೆ ಸಣ್ಣ ಬಲ್ಬು ಉರಿಸಿಡುವ ಪದ್ಧತಿಯಿತ್ತು. ಅದು ಕೆಲಸ ಮಾಡುತ್ತಿದ್ದುದು ತಂತಿ ಕಾದು ಉರಿಯುವ 15 ವ್ಯಾಟಿನ ಬಲ್ಬಿನ ಶಾಖದಿಂದ. ಈಗಿನ ಎಲ್‌ಇಡಿ ಬಲ್ಬಿನಿಂದ ಆ ಪ್ರಯೋಜನವಿಲ್ಲ. ಹಳೆಯ ಬಲ್ಬು ಸಿಕ್ಕರೂ ಅದರ ಸುತ್ತ ಜಾಲರಿ ಕಟ್ಟಿ, ಕಾಗದದಿಂದ ಒಂದು ಅಡಿಯಾದರೂ ದೂರವಿಟ್ಟು, ಮನೆಯಲ್ಲಿ ಜನರಿರುವಾಗ ಮಾತ್ರ ಉರಿಸಬೇಕು.

ಕಾಗದ

ಚಿತ್ರ ಬರೆಯುವವರ ಖರ್ಚಿನಲ್ಲಿ ದೊಡ್ಡ ಪಾಲು ಕಾಗದದ್ದು, ಮಳೆಗಾಲದಲ್ಲಿ ಮೊದಲು ಕೆಡುವುದೂ ಅದೇ. ಜಲವರ್ಣದ ಪೂರ್ಣ ಹಾಳೆ 56×76 ಸೆಂಟಿಮೀಟರ್ ಇರುತ್ತದೆ, ಅದನ್ನು ಮಡಚದೆ ಇಡಲು ಒಳಅಳತೆ 60×80 ಸೆಂಟಿಮೀಟರ್ ಇರುವ ಖಾನೆ ಬೇಕು. ಬಡಗಿಯಿಂದ ಖಾನೆ ಮಾಡಿಸುವಾಗ ಆಳವನ್ನು ಎರಡು ಇಂಚಿಗೆ ಮಿತಿಗೊಳಿಸಿರಿ. 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದದ ಒಂದು ಪೂರ್ಣ ಹಾಳೆ ಸುಮಾರು 128 ಗ್ರಾಂ ತೂಗುತ್ತದೆ. 50 ಹಾಳೆಗಳೆಂದರೆ ಆರು ಕಿಲೋ ಮೀರಿತು, ತಳದ ಹಾಳೆಯನ್ನು ಎಳೆಯಲು ಹೋದರೆ ಮೂಲೆ ಮುರಿಯುತ್ತದೆ. ಒಂದು ಖಾನೆಗೆ 20 ಹಾಳೆ ಸಾಕು.

ಮರದ ಖಾನೆ ಗಾಳಿಯನ್ನು ತಡೆಯುವುದಿಲ್ಲವಾದ್ದರಿಂದ ಹಾಳೆಗಳನ್ನು ಮೊದಲು ದಪ್ಪ ಪಾಲಿಥೀನ್ ಚೀಲದಲ್ಲಿ, ಸಣ್ಣ ಸಿಲಿಕಾ ಪೊಟ್ಟಣದೊಂದಿಗೆ ಹಾಕಿ, ಬಾಯನ್ನು ಎರಡು ಸಲ ಮಡಚಿ ಅಂಟುಪಟ್ಟಿ ಹಚ್ಚಬೇಕು. ಹತ್ತತ್ತು ಹಾಳೆಗಳ ಚೀಲಗಳಾಗಿ ಮಾಡಿದರೆ ಒಂದನ್ನು ತೆರೆದಾಗ ಉಳಿದವು ಹಾಗೆಯೇ ಭದ್ರವಾಗಿರುತ್ತವೆ. ಮೆತ್ತಗಿನ, ವಾಸನೆ ಬರುವ ಪಿವಿಸಿ ಚೀಲಗಳು ಬೇಡ. ಅಂಗಡಿಯವರು ಕಾಗದದ ಜೊತೆ ಕೊಡುವ ಒರಟು ಕಂದು ರಟ್ಟನ್ನೂ ಒಳಗೆ ಇಡಬಾರದು, ಅದರ ಆಮ್ಲ ಒಳ್ಳೆಯ ಹಾಳೆಗೆ ಇಳಿದು ಅಂಚನ್ನು ಕಂದಿಸುತ್ತದೆ.

ಖಾನೆ ಮಾಡಿಸುವ ಅನುಕೂಲ ಇಲ್ಲದವರು ಹಾಳೆಗಳನ್ನು ಅರ್ಧಕ್ಕೆ ಕತ್ತರಿಸಿಕೊಂಡರೆ 38×56 ಸೆಂಟಿಮೀಟರ್ ಆಗುತ್ತವೆ, ಮಂಚದ ಕೆಳಗೆ ಹಲಗೆಯ ಮೇಲೆ ಜಾರಿಸುವ ಅಗಲದ ಪೆಟ್ಟಿಗೆಯಲ್ಲಿ ಅವು ಹಿಡಿಯುತ್ತವೆ. ಕಾಗದ ಕೆಟ್ಟ ಆ ಮೊದಲ ವರ್ಷದ ನಂತರ ಹಲವು ವರ್ಷ ನಾನು ಹೀಗೆಯೇ ನಡೆಸಿದೆ. ಹಾಳೆಗಳನ್ನು ಸುರುಳಿ ಸುತ್ತಿ ಮೂಲೆಯಲ್ಲಿ ನಿಲ್ಲಿಸುವುದಕ್ಕಿಂತ ಇದು ಎಷ್ಟೋ ಮೇಲು.

ಬೆಳ್ಳಿಹುಳು ಮತ್ತು ಜಿರಳೆಗಳು ಕಾಗದದ ಲೇಪವನ್ನೂ ಅಂಟನ್ನೂ ಹುಡುಕಿಕೊಂಡು ಬರುತ್ತವೆ. ನುಸಿಗುಳಿಗೆಯನ್ನು ನಾನು ಕೆಲಸದ ಕೋಣೆಯಲ್ಲಿ ಬಳಸುವುದಿಲ್ಲ, ಮುಚ್ಚಿದ ಕೋಣೆಯಲ್ಲಿ ಅದರ ಆವಿಯನ್ನು ಗಂಟೆಗಟ್ಟಲೆ ಉಸಿರಾಡುವುದು ಕೆಟ್ಟದ್ದು. ಬೇವಿನ ಎಲೆಯನ್ನು ಇಡುವವರು ಪೂರ್ತಿ ಒಣಗಿದ್ದನ್ನೇ ಇಡಬೇಕು, ಹಸಿ ಎಲೆ ತನ್ನ ನೀರನ್ನು ಪೆಟ್ಟಿಗೆಗೆ ಬಿಡುತ್ತದೆ. ಬಿಗಿಯಾದ ಮುಚ್ಚಳ, ಕೋಣೆಯಲ್ಲಿ ತಿಂಡಿ ತಿನ್ನದಿರುವುದು, ಸಂಜೆ ಒಮ್ಮೆ ಗುಡಿಸುವುದು, ಇವು ಎಲೆಗಿಂತಲೂ ಗುಳಿಗೆಗಿಂತಲೂ ಹೆಚ್ಚು ಕೆಲಸ ಮಾಡುತ್ತವೆ.

ಬಣ್ಣಗಳು

ನಮ್ಮ ಕಡೆಯ ಹಳೆಯ ದೇವಾಲಯಗಳ ಗೋಡೆಯ ಕಾವಿ ಚಿತ್ರಗಳನ್ನು ನೋಡಿದವರಿಗೆ ಒಂದು ಪ್ರಶ್ನೆ ಏಳಬೇಕು. ಇಷ್ಟು ಮಳೆಯ ನಾಡಿನಲ್ಲಿ ಆ ಕೆಂಪು ಹೇಗೆ ಉಳಿಯಿತು, ನಮ್ಮ ಬಣ್ಣದ ಡಬ್ಬಿಗೆ ಮಾತ್ರ ಏಕೆ ಬೂಷ್ಟು ಹಿಡಿಯುತ್ತದೆ? ಕಾವಿ ಕಲೆಯಲ್ಲಿ ಇರುವುದು ಕೆಮ್ಮಣ್ಣು ಮತ್ತು ಸುಣ್ಣದ ಗಾರೆ. ಎರಡೂ ಖನಿಜ, ಬೂಷ್ಟಿಗೆ ತಿನ್ನಲು ಅಲ್ಲಿ ಏನೂ ಇಲ್ಲ. ನಾವು ಅಂಗಡಿಯಿಂದ ತರುವ ಜಲವರ್ಣದಲ್ಲಿ ಬಣ್ಣವನ್ನು ಹಿಡಿದಿಡುವುದು ಗೋಂದು, ಕೆಲವದರಲ್ಲಿ ಜೇನೂ ಸೇರಿರುತ್ತದೆ. ಬೂಷ್ಟು, ಇರುವೆ, ಜಿರಳೆ ಎಲ್ಲವೂ ಬರುವುದು ಆ ಅಂಟಿಗಾಗಿ.

ಇದರಿಂದ ಶೇಖರಣೆಯ ನಿಯಮ ತಾನಾಗಿಯೇ ತಿಳಿಯುತ್ತದೆ. ಖನಿಜ ಬಣ್ಣದ ಪುಡಿಗಳನ್ನು ಗಾಜಿನ ಶೀಶೆಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಅವು ವರ್ಷಗಟ್ಟಲೆ ಇರುತ್ತವೆ, ಗಂಟು ಕಟ್ಟಿದರೂ ಅರೆದು ಬಳಸಬಹುದು. ಅಂಟು ಕಲಸಿದ ಬಣ್ಣವನ್ನು ಆಯಾ ದಿನಕ್ಕೆ ಬೇಕಾದಷ್ಟೇ ಕಲಸಿಕೊಳ್ಳಬೇಕು. ದೀವರ ಹಸೆ ಚಿತ್ತಾರದಲ್ಲಿ ಬಿಳಿಗೆ ಅಕ್ಕಿಯ ಹಿಟ್ಟನ್ನೂ ಬರೆಯಲು ಪುಂಡಿಯ ನಾರಿನ ಕುಂಚವನ್ನೂ ಬಳಸುತ್ತಾರೆ. ಅದನ್ನು ಅಭ್ಯಾಸ ಮಾಡುವವರು ಅಕ್ಕಿಯನ್ನು ಡಬ್ಬಿಯಲ್ಲಿಟ್ಟು, ಅರೆದದ್ದನ್ನು ಅಂದೇ ಮುಗಿಸಬೇಕು, ಉಳಿದದ್ದು ಮರುದಿನಕ್ಕೆ ಹುಳಿ ಬರುತ್ತದೆ. ಗೋಂದಿನ ನೀರನ್ನು ಕೆಲವು ದಿನ ಇಡಲೇಬೇಕಾದರೆ ಒಂದೆರಡು ಹನಿ ಲವಂಗದ ಎಣ್ಣೆ ಬೂಷ್ಟನ್ನು ತಡೆಯುತ್ತದೆ.

ಜಲವರ್ಣದ ಬಿಲ್ಲೆಗಳ ಡಬ್ಬಿಯನ್ನು ಕೆಲಸ ಮುಗಿದ ಕೂಡಲೇ ಮುಚ್ಚುವುದು ನಮ್ಮಲ್ಲಿ ಅತಿ ಸಾಮಾನ್ಯವಾದ ತಪ್ಪು. ಮೊದಲು ಹತ್ತಿಬಟ್ಟೆಯ ಮೂಲೆಯಿಂದ ಬಿಲ್ಲೆಗಳ ಮೇಲಿನ ನೀರನ್ನು ಹೀರಿಸಿ, ಫ್ಯಾನಿನ ಕೆಳಗೆ ಎರಡು ಮೂರು ಗಂಟೆ ತೆರೆದಿಟ್ಟು, ಬೆರಳಿಗೆ ಅಂಟು ಹತ್ತದ ಹಾಗೆ ಆದ ಮೇಲೆ ಸಿಲಿಕಾ ಇರುವ ಸಣ್ಣ ಪೆಟ್ಟಿಗೆಗೆ ಹಾಕಬೇಕು. ಈಗಾಗಲೇ ಬಿಳಿ ಬೂಷ್ಟು ಕಂಡಿದ್ದರೆ ಮೇಲಿನ ಪದರವನ್ನು ಕೆರೆದು ತೆಗೆದು, ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒಣಗಿಸಿ. ಆ ಬಣ್ಣವನ್ನು ಬೇಗ ಮುಗಿಸುವುದು ಲೇಸು.

ಅಕ್ರಿಲಿಕ್ ಶೀಶೆಗಳಿಗೆ ಹೆಚ್ಚು ಉಪಚಾರ ಬೇಡ. ಶೀಶೆಗೆ ಒದ್ದೆ ಕುಂಚ ಅದ್ದಬಾರದು, ಬೇಕಾದಷ್ಟನ್ನು ಒಣ ಚಮಚದಿಂದ ಹೊರತೆಗೆಯಬೇಕು, ಇಷ್ಟೇ. ಟ್ಯೂಬುಗಳ ಕುತ್ತಿಗೆಯ ತಿರುಪಿನ ಗೆರೆಗಳನ್ನು ಪ್ರತಿಸಲವೂ ಒರೆಸಿ, ಅಪರೂಪಕ್ಕೊಮ್ಮೆ ಚೂರು ವ್ಯಾಸಲೀನ್ ಸವರಿದರೆ ಮುಚ್ಚಳ ಕಚ್ಚಿಕೊಳ್ಳುವುದಿಲ್ಲ. ಒಣ ಪಾಸ್ಟೆಲ್ ಕಡ್ಡಿಗಳನ್ನು ಅಕ್ಕಿಯಲ್ಲಿ ಹೂತಿಡುವ ಪದ್ಧತಿ ಕೆಲವೆಡೆ ಇದೆ. ಅಕ್ಕಿಯಲ್ಲಿ ಅಲುಗಾಡಿಸಿದರೆ ಕಡ್ಡಿಯ ಮೈಗೆ ಹತ್ತಿದ ಬೇರೆ ಬಣ್ಣ ಹೋಗುವುದು ನಿಜ. ಹಾಗೆ ಸ್ವಚ್ಛ ಮಾಡಿ ಹೊರಗೆ ತೆಗೆಯಿರಿ, ಅಕ್ಕಿಯಲ್ಲೇ ಬಿಟ್ಟರೆ ನಮ್ಮ ಹವೆಗೆ ನುಸಿ ಬೀಳುತ್ತದೆ.

ಕುಂಚಗಳು

ಕುಂಚವನ್ನು ತೊಳೆದು ತಲೆ ಮೇಲಾಗಿ ಲೋಟದಲ್ಲಿ ನಿಲ್ಲಿಸಿದರೆ ಉಳಿದ ನೀರು ಲೋಹದ ಕೊಳವೆಯೊಳಗೆ ಇಳಿದು, ಒಳಗಿನ ಅಂಟು ಸಡಿಲವಾಗಿ, ಹಿಡಿಯ ಮರ ಉಬ್ಬಿ, ಬಣ್ಣ ಸುಲಿಯುತ್ತದೆ. ಉಪ್ಪುಗಾಳಿ ಆ ಕೊಳವೆಗೆ ಹಸಿರು ಕಿಲುಬನ್ನೋ ತುಕ್ಕನ್ನೋ ಹಿಡಿಸುತ್ತದೆ. ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಕೂದಲಿಗೆ ತುದಿ ಮಾಡಿ, ಮೇಜಿನ ಅಂಚಿನಲ್ಲಿ ಕೂದಲ ಭಾಗ ಹೊರಗಿರುವಂತೆ ಅಡ್ಡವಾಗಿ ಮಲಗಿಸಿ ಒಣಗಿಸುವುದು ಸರಿಯಾದ ಕ್ರಮ. ಮಳೆಗಾಲದಲ್ಲಿ ಒಂದು ರಾತ್ರಿ ಸಾಲದು, ಎರಡು ದಿನ ಬಿಡಿ.

ಅಳಿಲು, ಸೇಬಲ್ ಮೊದಲಾದ ಪ್ರಾಣಿಯ ಕೂದಲಿನ ಕುಂಚಗಳನ್ನು ಹುಳು ತಿನ್ನುತ್ತದೆ. ಪೂರ್ತಿ ಒಣಗಿದ ಮೇಲೆ ಅವನ್ನು ಮುಚ್ಚಳದ ಡಬ್ಬಿಗೆ ಹಾಕಿ, ವಾರಗಟ್ಟಲೆ ಬಳಸದಿದ್ದರೂ ಒಮ್ಮೆ ತೆರೆದು ಕೊಡವಿ ನೋಡಬೇಕು. ದಿನಬಳಕೆಯ ಸಿಂಥೆಟಿಕ್ ಕುಂಚಗಳು ಮೇಜಿನ ಮೇಲೆ ಹೊರಗಿದ್ದರೂ ನಡೆಯುತ್ತದೆ. ಮಳೆಗಾಲದ ಕೆಲಸಕ್ಕೆ ಅವನ್ನೇ ಇಟ್ಟುಕೊಂಡು, ಬೆಲೆಯ ಕುಂಚಗಳನ್ನು ದೊಡ್ಡ ಡಬ್ಬಿಗೆ ಸೇರಿಸುವುದು ನನ್ನ ಪದ್ಧತಿ.

ಎಣ್ಣೆ ಮತ್ತು ಟರ್ಪೆಂಟೈನ್

ಈ ಭಾಗವನ್ನು ತೈಲವರ್ಣ ಬಳಸುವವರು ದಯವಿಟ್ಟು ಎರಡು ಸಲ ಓದಬೇಕು. ಅಗಸೆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದೊಡನೆ ಸೇರಿ ಶಾಖ ಹೊಮ್ಮಿಸುತ್ತದೆ. ಆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಶಾಖ ಹೊರಹೋಗಲು ದಾರಿಯಿಲ್ಲದೆ, ಯಾರೂ ಕಡ್ಡಿ ಗೀರದಿದ್ದರೂ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅಂಥ ಬಟ್ಟೆಯನ್ನು ನೀರು ತುಂಬಿದ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಿ, ಇಲ್ಲವೇ ಹೊರಗೆ ತಂತಿಯ ಮೇಲೆ ಒಂದೊಂದಾಗಿ ಹರವಿ ಪೂರ್ತಿ ಗಟ್ಟಿಯಾದ ಮೇಲೆ ವಿಲೇವಾರಿ ಮಾಡಿ. ಟರ್ಪೆಂಟೈನ್ ಸುಮಾರು 35 ಡಿಗ್ರಿಯಲ್ಲೇ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ, ಮೇ ತಿಂಗಳ ಮಧ್ಯಾಹ್ನ ಹಂಚಿನ ಬುಡದ ಅರೆ ಅಷ್ಟು ಕಾಯುವುದು ಕಷ್ಟವಲ್ಲ. ಅದನ್ನು ಗಾಜು ಅಥವಾ ತಗಡಿನ ಪಾತ್ರೆಯಲ್ಲಿ, ಕೆಳಗಿನ ತಂಪು ಜಾಗದಲ್ಲಿ, ಒಲೆ ಮತ್ತು ದೇವರ ದೀಪದಿಂದ ದೂರ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಬೇಕು. ಕುಡಿಯುವ ನೀರಿನ ಬಾಟಲಿಯಲ್ಲಿ ಎಂದಿಗೂ ತುಂಬಿಡಬೇಡಿ.

ಕುಂಚ ತೊಳೆದ ನೀರನ್ನು ಬಾವಿಕಟ್ಟೆಯ ಹತ್ತಿರ ಚೆಲ್ಲಬಾರದು. ಕೆಲವು ಕೆಂಪು, ಹಳದಿ ಬಣ್ಣಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ. ಆ ನೀರನ್ನು ಒಂದು ಬಕೆಟ್ಟಿನಲ್ಲಿ ತಿಳಿಯಾಗಲು ಬಿಟ್ಟು, ತಿಳಿಯನ್ನು ಬಾವಿಯಿಂದ ದೂರ ಚೆಲ್ಲಿ, ಗಸಿಯನ್ನು ಒಣಗಿಸಿ ಕಸಕ್ಕೆ ಹಾಕಿ.

ಮುಗಿಸಿದ ಚಿತ್ರಗಳು

ಅಕ್ರಿಲಿಕ್ ಚಿತ್ರದ ಮೈ ಸೆಖೆಗೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ನಡುವೆ ಬೇಕರಿಯವರು ಬಳಸುವ ಸಿಲಿಕೋನ್ ಲೇಪದ ಕಾಗದವನ್ನು ಹಾಕಿ. ತೈಲಚಿತ್ರಗಳನ್ನು ಕತ್ತಲ ಪೆಟ್ಟಿಗೆಯಲ್ಲಿ ಬಹುಕಾಲ ಇಟ್ಟರೆ ಅಗಸೆ ಎಣ್ಣೆ ಹಳದಿಯಾಗುತ್ತದೆ, ನೇರ ಬಿಸಿಲಿಲ್ಲದ ಬೆಳಕಿನಲ್ಲಿ ಇರಿಸಿದರೆ ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಆದ್ದರಿಂದ ಅವನ್ನು ನಡುಗೋಡೆಗೆ ತೂಗುಹಾಕುವುದೇ ಒಳ್ಳೆಯ ಶೇಖರಣೆ. ಕ್ಯಾನ್ವಾಸನ್ನು ಸುತ್ತಲೇಬೇಕಾದರೆ ಬಣ್ಣದ ಮೈ ಹೊರಗಿರುವಂತೆ, ದಪ್ಪ ಕೊಳವೆಯ ಮೇಲೆ ಸುತ್ತಬೇಕು. ಮಳೆಗಾಲದಲ್ಲಿ ಚೌಕಟ್ಟಿನ ಕ್ಯಾನ್ವಾಸು ಸಡಿಲವಾದಂತೆ ಕಂಡರೂ ಮೂಲೆಗಳ ಬೆಣೆ ಬಡಿದು ಬಿಗಿ ಮಾಡಬೇಡಿ, ಹವೆ ಒಣಗಿದ ಮೇಲೆ ನೋಡಿ ನಿರ್ಧರಿಸಿ.

ಚೀಟಿ ಮತ್ತು ಪುಸ್ತಕ

ಪೆಟ್ಟಿಗೆಯ ಮೇಲೆ ಶಾಯಿಯಲ್ಲಿ ಬರೆದದ್ದು ತೇವಕ್ಕೆ ಹರಡುತ್ತದೆ, ಅಂಟಿನ ಚೀಟಿಯನ್ನು ಜಿರಳೆ ತಿನ್ನುತ್ತದೆ. ನಾನು ರಟ್ಟಿನ ಚೀಟಿಗೆ ಪೆನ್ಸಿಲಿನಲ್ಲಿ ಬರೆದು ದಾರದಿಂದ ಕಟ್ಟುತ್ತೇನೆ. ಪೆನ್ಸಿಲಿನ ಗೆರೆ ನೀರಿಗೆ ಹರಡುವುದಿಲ್ಲ. ಚೀಟಿಯಲ್ಲಿ ವಸ್ತುವಿನ ಹೆಸರು, ತುಂಬಿದ ದಿನ, ಹರಳು ಬದಲಿಸಿದ ದಿನ ಇಷ್ಟಿದ್ದರೆ ಸಾಕು. ಜೊತೆಗೆ ಒಂದು ಪುಸ್ತಕದಲ್ಲಿ ಎಷ್ಟು ಹಾಳೆ ಉಳಿದಿವೆ, ಯಾವ ಬಣ್ಣ ಮುಗಿಯುತ್ತ ಬಂದಿದೆ ಎಂದು ತಿಂಗಳಿಗೊಮ್ಮೆ ಬರೆದಿಡಿ. ಒಳ್ಳೆಯ ಕಾಗದ ಇಲ್ಲಿಯ ಅಂಗಡಿಗಳಲ್ಲಿ ಸಿಗುವುದು ಅಪರೂಪ, ಮಳೆಗಾಲದಲ್ಲಿ ತರಿಸಿದ ಪಾರ್ಸೆಲು ದಾರಿಯಲ್ಲೇ ನೆನೆಯುವ ಭಯ ಬೇರೆ. ವರ್ಷದ ಕಾಗದವನ್ನು ಜನವರಿಯಲ್ಲೇ ತರಿಸಿ ಮುಗಿಸುವುದು ಕ್ಷೇಮ.

ಮಳೆ ನಕ್ಷತ್ರಗಳ ಲೆಕ್ಕದಲ್ಲಿ ವರ್ಷದ ಕೆಲಸ

ಕೃಷಿಕರ ಮನೆಗಳಲ್ಲಿ ಹೇಗೂ ನೆನಪಿರುವ ಮಳೆ ನಕ್ಷತ್ರಗಳಿಗೆ ಈ ಕೆಲಸಗಳನ್ನು ಜೋಡಿಸಿಕೊಂಡರೆ ಮರೆಯುವುದಿಲ್ಲ. ಶಿವರಾತ್ರಿಯೊಳಗೆ ದೊಡ್ಡ ಡಬ್ಬಿಗಳನ್ನು ತುಂಬುವುದು. ರೋಹಿಣಿ ಮಳೆಯ ಹೊತ್ತಿಗೆ, ಅಂದರೆ ಮೇ ಕೊನೆಯಲ್ಲಿ, ಹಂಚು ಕೈಯಾಡಿಸಿ, ಎರಚಲು ಹೊಡೆಯುವ ಕಡೆ ಸೋಗೆಯ ತಟ್ಟಿಯನ್ನೋ ದಪ್ಪ ಪ್ಲಾಸ್ಟಿಕ್ ಹಾಳೆಯನ್ನೋ ಕಟ್ಟಿ, ಎಲ್ಲ ಹರಳುಗಳನ್ನೂ ಹುರಿದು ಹೊಸದು ಮಾಡುವುದು. ಜೂನ್ ಮೊದಲ ವಾರದ ಮೃಗಶಿರೆಯಿಂದ ವಾರಕ್ಕೊಮ್ಮೆ ಮಾಪಕ ನೋಡುವುದು. ಆರಿದ್ರೆ, ಪುನರ್ವಸು, ಪುಷ್ಯ ಮಳೆಗಳಲ್ಲಿ ಬಿಸಿಲೇ ಕಾಣದ ವಾರಗಳಿರುವುದರಿಂದ ಆಗ ಹೆಚ್ಚು ನೀರು ಬಳಸುವ ಜಲವರ್ಣದ ಬದಲು ಪೆನ್ಸಿಲು, ಶಾಯಿ, ಅಕ್ರಿಲಿಕ್‌ಗಳ ಕೆಲಸ ಇಟ್ಟುಕೊಳ್ಳುವುದು ಅನುಕೂಲ.

ಸ್ವಾತಿ ಮಳೆಯ ಸುಮಾರಿಗೆ, ದೀಪಾವಳಿಯ ಹೊತ್ತಿಗೆ, ಎಲ್ಲ ಪೆಟ್ಟಿಗೆಗಳನ್ನೂ ತೆರೆದು, ಪ್ರತಿ ಚೀಲದಿಂದ ಒಂದು ಹಾಳೆಯ ಮೂಲೆಗೆ ತೆಳು ನೀಲಿ ಬಳಿದು ನೋಡಿರಿ. ಬಣ್ಣ ಸಮನಾಗಿ ಹರಡಿದ ಚೀಲದ ಚೀಟಿಯ ಮೇಲೆ ಆ ವರ್ಷವನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ, ಹಳೆಯ ವರ್ಷದ ಗುರುತಿರುವುದನ್ನು ಮೇಲೆ ಇರಿಸಿ, ಮೊದಲು ಅದರಿಂದಲೇ ಬರೆಯಲು ತೆಗೆದುಕೊಳ್ಳಿ.